ಉಳಿಸಿದ ಯೂನಿಟ್ ಯಾರ ಖಾತೆಗೆ?

ವಿದ್ಯುತ್ ಉಳಿತಾಯದ ಜಾಗೃತಿ ಕರ್ನಾಟಕದಲ್ಲಿ ಬಹುಕಾಲ ನಗರದ ಮಾತಾಗಿಯೇ ಉಳಿದಿತ್ತು. ತಿಂಗಳ ಬಿಲ್ ನೋಡಿ ಹೌಹಾರುವ ಮನೆಗಳಿಗೆ ‘ಬಲ್ಬ್ ಬದಲಿಸಿ, ಬಿಲ್ ಇಳಿಸಿ’ ಎಂದು ಹೇಳುವುದು ಸುಲಭ. ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಹೋಬಳಿ ಊರಿನಲ್ಲಿ ಆ ಮಾತು ನಡೆಯುವುದಿಲ್ಲ. ಅಲ್ಲಿ ಬಹುತೇಕ ಮನೆಗಳ ಬಿಲ್ ಗೃಹಜ್ಯೋತಿಯಲ್ಲಿ ಶೂನ್ಯವಾಗಿರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬೀದಿದೀಪ ಮತ್ತು ಕುಡಿಯುವ ನೀರಿನ ಮೋಟರಿನ ಬಿಲ್ ಗ್ರಾಮ ಪಂಚಾಯಿತಿಯ ತಲೆನೋವು. ಮನೆ, ಹೊಲ, ಓಣಿ ಈ ಮೂರು ಕಡೆಯೂ ಬಳಸಿದವರ ಜೇಬಿನಿಂದ ನೇರವಾಗಿ ಹಣ ಹೋಗುವುದಿಲ್ಲ. ಹಾಗಾದರೆ ಉಳಿಸುವುದು ಯಾಕೆ, ಉಳಿಸಿದರೆ ಅದು ಯಾರಿಗೆ ಸೇರುತ್ತದೆ? ಗ್ರಾಮೀಣ ಕರ್ನಾಟಕದಲ್ಲಿ ಯಾವುದೇ ಇಂಧನ ಜಾಗೃತಿ ಅಭಿಯಾನ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಕಾನೂನು, ದಿನಾಚರಣೆ, ಸಂಸ್ಥೆಗಳು

ದೇಶದಲ್ಲಿ ಇಂಧನ ಉಳಿತಾಯಕ್ಕೆ ಕಾನೂನಿನ ಬಲ ಬಂದದ್ದು 2001ರ ಇಂಧನ ಸಂರಕ್ಷಣಾ ಕಾಯ್ದೆಯಿಂದ. ಅದು 2002ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, ಹುಟ್ಟಿದ್ದು ಇದೇ ಕಾಯ್ದೆಯಡಿ. ಫ್ರಿಜ್, ಎ.ಸಿ, ಪಂಪ್, ಫ್ಯಾನುಗಳ ಮೇಲೆ ಅಂಟಿಸುವ ನಕ್ಷತ್ರದ ಗುರುತನ್ನು 2006ರಲ್ಲಿ ಆರಂಭಿಸಿದ್ದೂ ಈ ಬ್ಯೂರೊ. ಪ್ರತಿವರ್ಷ ಡಿಸೆಂಬರ್ 14ನ್ನು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತದೆ. ಶಾಲೆಗಳಲ್ಲಿ ಚಿತ್ರಕಲಾ ಸ್ಪರ್ಧೆ, ಊರೊಳಗೆ ಜಾಥಾ, ಕಚೇರಿಗಳಲ್ಲಿ ಪ್ರತಿಜ್ಞಾ ವಿಧಿ ಆ ವಾರದ ವಾಡಿಕೆಯ ಕಾರ್ಯಕ್ರಮಗಳು.

ಕರ್ನಾಟಕದಲ್ಲಿ ಈ ಕಾಯ್ದೆಯ ಹೊಣೆ ಹೊತ್ತಿರುವುದು 1996ರಲ್ಲಿ ಸ್ಥಾಪನೆಯಾದ ಕ್ರೆಡಲ್. ಮನೆ ಬಾಗಿಲಿಗೆ ವಿದ್ಯುತ್ ತರುವ ಕೆಲಸ ವಿದ್ಯುತ್ ಸರಬರಾಜು ಕಂಪನಿಗಳದ್ದು. 2002ರಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ರಚನೆಯಾದ ಜೆಸ್ಕಾಂ ವ್ಯಾಪ್ತಿಗೆ ಕೊಪ್ಪಳ ಜಿಲ್ಲೆ ಸೇರುತ್ತದೆ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಉಳಿತಾಯದ ಯಾವುದೇ ಯೋಜನೆ ಜನರನ್ನು ಮುಟ್ಟಬೇಕಾದರೆ ಈ ಮೂರು ಸಂಸ್ಥೆಗಳ ಜೊತೆಗೆ ಗ್ರಾಮ ಪಂಚಾಯಿತಿಯೂ ಕೈಜೋಡಿಸಬೇಕಾಗುತ್ತದೆ.

ವಿದ್ಯುತ್ ಬಂದ ದಾರಿ

ಕರ್ನಾಟಕದ ವಿದ್ಯುತ್ ಚರಿತ್ರೆ ಶಿವನಸಮುದ್ರದಿಂದ ಶುರುವಾಗುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆಯಲಾಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದವು. ಅಂದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳ ಸೀಮೆ ಈ ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಆ ಸೀಮೆಯ ಹೆಸರು ಬರುವುದು ತುಂಗಭದ್ರಾ ಅಣೆಕಟ್ಟಿನ ನಂತರ. ಎಡದಂಡೆಯ ಮುನಿರಾಬಾದ್‌ನಲ್ಲಿ 1960ರ ದಶಕದಲ್ಲಿ 28 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರ ಕೆಲಸ ಶುರುಮಾಡಿತು.

ನಂತರದ ದಶಕಗಳಲ್ಲಿ ಸುತ್ತಲಿನ ಜಿಲ್ಲೆಗಳೇ ರಾಜ್ಯದ ದೊಡ್ಡ ವಿದ್ಯುತ್ ಗಿರಣಿಗಳಾದವು. ರಾಯಚೂರು ಬಳಿಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯತೊಡಗಿತು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸ್ ಸ್ಥಾವರಗಳು ಆಮೇಲೆ ಸೇರಿಕೊಂಡವು. ಈಗ ಯಲಬುರ್ಗಾ, ಕುಕನೂರು, ಕುಷ್ಟಗಿ ಭಾಗದ ಎರೆಹೊಲಗಳಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಹೀಗೆ ವಿದ್ಯುತ್ ತಯಾರಾಗುವ ಜಾಗಗಳ ನಡುವೆಯೇ ಇದ್ದರೂ ಬೇಸಿಗೆ ಬಂತೆಂದರೆ ಹಳ್ಳಿಗಳ ಮಾತು ಒಂದೇ: ‘ತ್ರೀ ಫೇಸ್ ಯಾವಾಗ ಬರ್ತೈತಿ?’

ಬೇಡಿಕೆಯನ್ನೇ ಪ್ರಶ್ನಿಸಿದ ವಿಜ್ಞಾನಿ

ಕೊರತೆಗೆ ಪರಿಹಾರ ಹೊಸ ಸ್ಥಾವರ ಎಂಬುದು 1980ರ ದಶಕದವರೆಗೂ ಯಾರೂ ಪ್ರಶ್ನಿಸದ ನಂಬಿಕೆಯಾಗಿತ್ತು. ಅದನ್ನು ಲೆಕ್ಕ ಹಾಕಿ ಪ್ರಶ್ನಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ಕೆ.ಎನ್. ರೆಡ್ಡಿ. 1974ರಲ್ಲಿ ಅವರು ಅಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಬೆನ್ನುಹತ್ತಿತ್ತು. ಹೊಗೆ ಕಡಿಮೆ ಮಾಡಿ ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿನ ಸೆಗಣಿಯಿಂದ ಅನಿಲ ತಯಾರಿಸಿ, ಅದರಿಂದ ವಿದ್ಯುತ್ ಉತ್ಪಾದಿಸಿ, ನೀರು ಮತ್ತು ಬೆಳಕು ಕೊಟ್ಟ ಪ್ರಯೋಗವೂ ಈ ತಂಡದ್ದೇ.

ರಾಜ್ಯ ಸರ್ಕಾರದ ಸಮಿತಿಯೊಂದು 2000ನೇ ಇಸವಿಯ ವಿದ್ಯುತ್ ಬೇಡಿಕೆಯನ್ನು ದೊಡ್ಡದಾಗಿ ಅಂದಾಜು ಮಾಡಿ, ಅದಕ್ಕೆ ತಕ್ಕ ಸ್ಥಾವರಗಳ ಪಟ್ಟಿ ಮುಂದಿಟ್ಟಿತ್ತು. ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಅದಕ್ಕೆ ಎದುರಾಗಿ ‘ಡಿಫೆಂಡಸ್’ ಎಂಬ ಇನ್ನೊಂದು ಲೆಕ್ಕ ಪ್ರಕಟಿಸಿದರು. ಜನರಿಗೆ ಬೇಕಿರುವುದು ಯೂನಿಟ್ ಅಲ್ಲ, ಬೆಳಕು, ನೀರು, ಬಿಸಿನೀರು. ಅದೇ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಿಸಿದರೆ ಎಲ್ಲ ಮನೆಗೂ ವಿದ್ಯುತ್ ಕೊಟ್ಟ ಮೇಲೂ ಒಟ್ಟು ಬೇಡಿಕೆ ಸಮಿತಿಯ ಅಂದಾಜಿನ ಐದರಲ್ಲಿ ಎರಡು ಪಾಲಿನಷ್ಟೇ ಇರುತ್ತದೆ ಎಂಬುದು ಅವರ ವಾದ. ಬುರುಡೆ ಬಲ್ಬ್ ತೆಗೆಯುವುದು, ನೀರು ಕಾಯಿಸಲು ಬಿಸಿಲು ಬಳಸುವುದು, ಪಂಪ್‌ಸೆಟ್ ಸುಧಾರಿಸುವುದು ಅವರ ಪಟ್ಟಿಯಲ್ಲಿದ್ದವು. ಮುಂದೆ ರಾಜ್ಯದಲ್ಲಿ ನಡೆದ ಉಳಿತಾಯದ ಬಹುತೇಕ ಕಾರ್ಯಕ್ರಮಗಳು ಇದೇ ಪಟ್ಟಿಯ ಒಂದೊಂದು ಸಾಲನ್ನು ಕೈಗೆತ್ತಿಕೊಂಡವು.

ಬಲ್ಬಿನಿಂದ ಬಲ್ಬಿಗೆ

ಬಲ್ಬಿನ ಸರದಿ ಮೊದಲು ಬಂದದ್ದು ಬೆಂಗಳೂರಿನಲ್ಲಿ. 2004ರ ಕೊನೆಯಲ್ಲಿ ಬೆಸ್ಕಾಂ ತನ್ನ ಗ್ರಾಹಕರಿಗೆ ಸಿಎಫ್‌ಎಲ್ ದೀಪ ತಲುಪಿಸುವ ಯೋಜನೆ ಆರಂಭಿಸಿತು. ಆಗ ಸಿಎಫ್‌ಎಲ್ ದುಬಾರಿ. ಒಮ್ಮೆಲೇ ಹಣ ಕೊಡಲಾಗದವರು ವಿದ್ಯುತ್ ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟುವ ಅವಕಾಶ ಇದ್ದದ್ದು ಈ ಯೋಜನೆಯ ವಿಶೇಷ. ಬಲ್ಬಿನಿಂದ ಉಳಿಯುವ ಹಣದಲ್ಲೇ ಬಲ್ಬಿನ ಕಂತು ತೀರುತ್ತಿತ್ತು. ವಿದ್ಯುತ್ ಮಾರುವ ಕಂಪನಿಯೇ ಕಡಿಮೆ ಬಳಸಿ ಎಂದು ಮನೆ ಬಾಗಿಲಿಗೆ ಬಂದ ದೇಶದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಸೌರ ವಾಟರ್ ಹೀಟರಿನದು ಬೇರೆ ದಾರಿ. ಹೊಸ ಮನೆ ಕಟ್ಟುವವರಿಗೆ ಅದನ್ನು ಕಡ್ಡಾಯ ಮಾಡಲಾಯಿತು. ಅಳವಡಿಸಿಕೊಂಡವರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಸಿಕ್ಕಿತು. ಬೆಂಗಳೂರಿನ ತಾರಸಿಗಳ ಮೇಲೆ ಸಾಲುಗಟ್ಟಿದ ಸೌರ ಹೀಟರುಗಳ ಹಿಂದೆ ನಿಯಮವೂ ಇದೆ, ರಿಯಾಯಿತಿಯೂ ಇದೆ. ಪ್ರಚಾರವೊಂದೇ ಇದ್ದಿದ್ದರೆ ಅಷ್ಟು ಹೀಟರುಗಳು ಬರುತ್ತಿರಲಿಲ್ಲ.

2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂದಾಗ ಎಲ್‌ಇಡಿಯ ಸರದಿ. ಕರ್ನಾಟಕದಲ್ಲಿ ಅದು ಅದೇ ಡಿಸೆಂಬರ್‌ನಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಶುರುವಾಗಿ, 9 ವ್ಯಾಟ್‌ನ ಬಲ್ಬ್ 100 ರೂಪಾಯಿಗೆ ಸಿಗುವಂತಾಯಿತು. ಸಗಟು ಖರೀದಿಯಿಂದ ಪೇಟೆಯ ಬೆಲೆಯೂ ಬಿದ್ದು, ಬರಬರುತ್ತ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಎಲ್‌ಇಡಿಯೇ ತೂಗಾಡತೊಡಗಿತು. ಲೆಕ್ಕ ಸರಳ. ದಿನಕ್ಕೆ 5 ತಾಸು ಉರಿಯುವ 60 ವ್ಯಾಟ್‌ನ ಬುರುಡೆ ಬಲ್ಬ್ ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ, ಅದೇ ಬೆಳಕಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ.

ಒಂದು ಊರು ಇಡಿಯಾಗಿ ಈ ಬದಲಾವಣೆಗೆ ಒಗ್ಗಿದ ಉದಾಹರಣೆ ಗಡಿಯಾಚೆಯ ಕಾಸರಗೋಡು ಜಿಲ್ಲೆಯಲ್ಲಿದೆ. ಅಲ್ಲಿನ ಪೀಲಿಕೋಡ್ ಗ್ರಾಮ ಪಂಚಾಯಿತಿಯನ್ನು ಫಿಲಮೆಂಟ್ ಬಲ್ಬ್ ಇಲ್ಲದ ದೇಶದ ಮೊದಲ ಪಂಚಾಯಿತಿ ಎಂದು ಕೇರಳ ಸರ್ಕಾರ ಹೆಸರಿಸಿತು. ಒಬ್ಬೊಬ್ಬ ಗ್ರಾಹಕನ ಹಿಂದೆ ಹೋಗುವ ಬದಲು ಇಡೀ ಪಂಚಾಯಿತಿಯನ್ನೇ ಒಂದು ಘಟಕ ಎಂದು ಎಣಿಸಿದ್ದು ಅಲ್ಲಿನ ಹೆಚ್ಚುಗಾರಿಕೆ. ಕೆಲಸ ಮುಗಿಯಿತೇ ಇಲ್ಲವೇ ಎಂಬುದನ್ನು ಊರವರೇ ಹೇಳಬಹುದಾದ ಗುರಿ ಅದು.

ಗೃಹಜ್ಯೋತಿಯೊಳಗಿನ ಲೆಕ್ಕ

ಬಡವರ ಮನೆಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ಕರ್ನಾಟಕದಲ್ಲಿ 1970ರ ದಶಕದ ಕೊನೆಯಿಂದಲೇ ಇತ್ತು. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಅದನ್ನು ಬಹುಪಾಲು ಮನೆಗಳಿಗೆ ವಿಸ್ತರಿಸಿತು. ಹೊರಗಿನಿಂದ ನೋಡಿದರೆ ಇದು ‘200 ಯೂನಿಟ್ ಫ್ರೀ’. ಒಳಗಿನ ನಿಯಮ ಅಷ್ಟು ಸರಳವಲ್ಲ. ಪ್ರತಿ ಮನೆಗೂ 2022–23ರ ತಿಂಗಳ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಯೂನಿಟ್‌ಗಳ ಮಿತಿ ನಿಗದಿ ಮಾಡಲಾಯಿತು. 2024ರಲ್ಲಿ ಕಡಿಮೆ ಬಳಸುವ ಮನೆಗಳಿಗೆ ಆ ಶೇ 10ರ ಬದಲು 10 ಯೂನಿಟ್ ಸೇರಿಸಲಾಯಿತು. ಮಿತಿ ದಾಟಿ 200ರೊಳಗೆ ಬಳಸಿದರೆ ಹೆಚ್ಚಿದ್ದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್.

ಅಂದರೆ 60 ಯೂನಿಟ್ ಮಿತಿಯಿರುವ ಮನೆ 75 ಬಳಸಿದರೆ 15 ಯೂನಿಟ್‌ಗೆ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್ ಓಡಿಸಿದ ತಿಂಗಳು ಅನೇಕ ಮನೆಗಳಿಗೆ ಬಿಲ್ ಬರುವುದು ಹೀಗೆ. ಹಾಗಾಗಿ ಬಿಲ್ ಶೂನ್ಯವಾದ ಮನೆಗೂ ಉಳಿತಾಯದ ಅಗತ್ಯ ತಪ್ಪಿದ್ದಲ್ಲ. ಇರುವ ಮಿತಿಯೊಳಗೆ ಹೆಚ್ಚು ಅನುಕೂಲ ಹೇಗೆ ಪಡೆಯಬಹುದು ಎಂಬುದೇ ಅಲ್ಲಿನ ಪ್ರಶ್ನೆ.

ಉತ್ತರ ಹುಡುಕಲು ಮೇಲೆ ನೋಡಿದರೆ ಸಾಕು, ಫ್ಯಾನ್ ಕಾಣುತ್ತದೆ. ಕೊಪ್ಪಳ ಸೀಮೆಯ ಮಾರ್ಚ್‌–ಮೇ ಸೆಕೆಯಲ್ಲಿ ಫ್ಯಾನ್ ದಿನಕ್ಕೆ 12 ತಾಸು ತಿರುಗುವುದು ಮಾಮೂಲು. ಹಳೆಯ 75 ವ್ಯಾಟ್ ಫ್ಯಾನ್ ಆ ಲೆಕ್ಕದಲ್ಲಿ ತಿಂಗಳಿಗೆ 27 ಯೂನಿಟ್ ಬಳಸುತ್ತದೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ ಹತ್ತಿರಹತ್ತಿರ 11 ಯೂನಿಟ್ ಸಾಕು. ಎರಡು ಫ್ಯಾನ್ ಬದಲಾದರೆ 32 ಯೂನಿಟ್ ಉಳಿಯುತ್ತದೆ, ಅದು 60 ಯೂನಿಟ್ ಮಿತಿಯ ಅರ್ಧಕ್ಕಿಂತ ಹೆಚ್ಚು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ನಕ್ಷತ್ರ ಗುರುತು ಕಡ್ಡಾಯವಾಗಿದೆ. ಬಿಎಲ್‌ಡಿಸಿ ಫ್ಯಾನಿನ ಬೆಲೆ ಹೆಚ್ಚು ಎಂಬುದೊಂದೇ ತೊಡಕು. ಬೆಸ್ಕಾಂ ಸಿಎಫ್‌ಎಲ್‌ಗೆ ಹಾಕಿಕೊಟ್ಟ ಕಂತಿನ ದಾರಿ ಫ್ಯಾನಿಗೂ ಒಗ್ಗುವಂಥದ್ದು. ಸ್ತ್ರೀಶಕ್ತಿ ಸಂಘಗಳ ಸಾಲದ ವ್ಯವಸ್ಥೆ ಹಳ್ಳಿಹಳ್ಳಿಯಲ್ಲೂ ಇರುವುದರಿಂದ ಅದಕ್ಕೆ ಹೊಸ ಏರ್ಪಾಡೂ ಬೇಕಾಗುವುದಿಲ್ಲ.

ಹಗಲಲ್ಲಿ ಉರಿಯುವ ಬೀದಿದೀಪ

ಮಧ್ಯಾಹ್ನ ಹನ್ನೆರಡಕ್ಕೂ ಉರಿಯುವ ಬೀದಿದೀಪ ರಾಜ್ಯದ ಯಾವ ಹಳ್ಳಿಗೂ ಹೊಸದಲ್ಲ. ಕಾರಣ ಹೆಚ್ಚಾಗಿ ತಾಂತ್ರಿಕ. ಬೀದಿದೀಪಕ್ಕೆ ಪ್ರತ್ಯೇಕ ತಂತಿ ಮತ್ತು ಸ್ವಿಚ್ ಇರಬೇಕು. ಅದಿಲ್ಲದ ಓಣಿಯಲ್ಲಿ ದೀಪವನ್ನು ನೇರವಾಗಿ ಲೈನಿಗೆ ಕೊಟ್ಟಿರುತ್ತಾರೆ, ಆರಿಸಲು ದಾರಿಯೇ ಇರುವುದಿಲ್ಲ. ಸ್ವಿಚ್ ಇದ್ದ ಕಡೆಯೂ ಅದನ್ನು ಸಂಜೆ ಹಾಕಿ ಬೆಳಿಗ್ಗೆ ತೆಗೆಯುವ ಕೆಲಸ ಪಂಚಾಯಿತಿಯ ವಾಟರ್‌ಮನ್ ಹೆಗಲಿಗೆ ಬೀಳುತ್ತದೆ. ಬೆಳಿಗ್ಗೆ ಅವನು ನೀರು ಬಿಡುವ ಗಡಿಬಿಡಿಯಲ್ಲಿದ್ದರೆ ದೀಪ ಉರಿಯುತ್ತಲೇ ಇರುತ್ತದೆ.

40 ವ್ಯಾಟ್‌ನ ಒಂದು ದೀಪ ಹಗಲಿನ 12 ತಾಸು ಸುಮ್ಮನೆ ಉರಿದರೆ ತಿಂಗಳಿಗೆ 14 ಯೂನಿಟ್ ಚಿಲ್ಲರೆ ವ್ಯರ್ಥ. ಅಂಥ ನೂರು ದೀಪಗಳಿಗೆ 1,440 ಯೂನಿಟ್. ಈ ಬಿಲ್ ಪಂಚಾಯಿತಿ ಕಟ್ಟಬೇಕು, ಕಟ್ಟದಿದ್ದರೆ ಬಾಕಿ ಏರುತ್ತಾ ಹೋಗುತ್ತದೆ. ಕತ್ತಲಾದರೆ ಹೊತ್ತಿ ಬೆಳಕಾದರೆ ಆರುವ ಟೈಮರ್ ಅಥವಾ ಸೆನ್ಸರ್ ಸ್ವಿಚ್ ಹಾಕಿ, ಪ್ರತ್ಯೇಕ ತಂತಿ ಎಳೆದು, ಮೀಟರ್ ಕೂರಿಸಿದರೆ ಈ ಸೋರಿಕೆ ನಿಲ್ಲುತ್ತದೆ. ಮನೆಮನೆಗೂ ಹೋಗಿ ಹೇಳಬೇಕಾದ ಕೆಲಸ ಇದಲ್ಲ. ಗ್ರಾಮಸಭೆಯಲ್ಲಿ ಒಂದು ಠರಾವು ಪಾಸಾದರೆ ಇಡೀ ಊರಿನ ದೀಪಗಳ ಲೆಕ್ಕ ಸರಿಹೋಗುತ್ತದೆ.

ಬೋರ್‌ವೆಲ್ ದಂಡೆಯಲ್ಲಿ ಇರುವ ದೊಡ್ಡ ಉಳಿತಾಯ

ಬಲ್ಬು, ಫ್ಯಾನು, ಬೀದಿದೀಪ ಎಲ್ಲ ಕೂಡಿಸಿದರೂ ಕೊಳವೆಬಾವಿಯ ಪಂಪ್‌ಸೆಟ್ಟಿನ ಮುಂದೆ ಸಣ್ಣವು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳಿಗೇ ಹೋಗುತ್ತದೆ. ಗಂಗಾವತಿ, ಕಾರಟಗಿ ಕಡೆ ಕಾಲುವೆ ನೀರಿದೆ, ಭತ್ತವಿದೆ. ಇರಕಲ್ಲಗಡ, ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ನೀರಾವರಿಗೆ ಬೋರೇ ಗತಿ.

ನೀರೆತ್ತಲು ಬೇಕಾದ ಶಕ್ತಿಯನ್ನು ನಿಖರವಾಗಿ ಲೆಕ್ಕ ಹಾಕಬಹುದು. ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಮೇಲೆತ್ತಲು ಏನೂ ನಷ್ಟವಿಲ್ಲದಿದ್ದರೆ ಬೇಕಾಗುವುದು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಆದರೆ ಹೊಲದಲ್ಲಿ ಹಳತಾದ ಪಂಪ್‌ಸೆಟ್ಟಿನ ದಕ್ಷತೆ ಶೇ 30ರ ಆಸುಪಾಸಿನಲ್ಲಿ ಇರುವುದರಿಂದ ವಾಸ್ತವದಲ್ಲಿ 0.9 ಯೂನಿಟ್ ಖರ್ಚಾಗುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೇಕು. ಅಂದರೆ ಒಂದೇ ಸಲದ ಆ ನೀರಿಗೆ 90 ಯೂನಿಟ್ಟಿಗೂ ಮಿಗಿಲು. ಬೇಸಿಗೆಯ ಒಂದು ತಿಂಗಳು ಸಣ್ಣ ಮನೆಯೊಂದಕ್ಕೆ ಸಾಲುವಷ್ಟು ವಿದ್ಯುತ್ ಅದು. ಪಂಪ್‌ಸೆಟ್ಟಿನ ದಕ್ಷತೆ ಶೇ 45ಕ್ಕೆ ಏರಿದರೆ ಅದೇ ನೀರು ಸುಮಾರು 62 ಯೂನಿಟ್ಟಿನಲ್ಲಿ ಮೇಲೆ ಬರುತ್ತದೆ.

ದಕ್ಷತೆ ಕುಸಿಯಲು ಕಾರಣಗಳು ಹಲವು. ಮೋಟರ್ ಸುಟ್ಟಾಗ ಪೇಟೆಯ ರಿವೈಂಡಿಂಗ್ ಅಂಗಡಿಗೆ ಹೋಗುತ್ತದೆ. ತಂತಿಯ ದಪ್ಪ, ಸುತ್ತುಗಳ ಎಣಿಕೆ ಕಂಪನಿಯಲ್ಲಿ ಇದ್ದಂತೆ ಕೂರದಿದ್ದರೆ ಪ್ರತಿ ರಿವೈಂಡಿಂಗ್‌ನಲ್ಲೂ ಮೋಟರ್ ಸ್ವಲ್ಪ ಸ್ವಲ್ಪ ಹಾಳಾಗುತ್ತ ಹೋಗುತ್ತದೆ. ನೀರಿನ ಮಟ್ಟ ಇಳಿದಂತೆ ಇನ್ನಷ್ಟು ಪೈಪ್ ಇಳಿಸುತ್ತಾರೆ, ಪಂಪ್ ಮಾತ್ರ ಮೊದಲಿನ ಆಳಕ್ಕೆ ಹೊಂದುವಂಥದ್ದೇ ಇರುತ್ತದೆ. ವೋಲ್ಟೇಜ್ ಕಡಿಮೆ ಇದ್ದಾಗಲೂ ಓಡಲೆಂದು ಬೇಕಾದ್ದಕ್ಕಿಂತ ದೊಡ್ಡ ಎಚ್‌ಪಿಯ ಮೋಟರ್ ಕೊಳ್ಳುವುದೂ ಇದೆ. ಹಳ್ಳದ ದಂಡೆಯಲ್ಲಿ, ತೆರೆದ ಬಾವಿಯಲ್ಲಿ ಇಟ್ಟ ಪಂಪ್‌ಗಳಲ್ಲಿ ಕಸ ಕಟ್ಟಿದ ಫುಟ್‌ವಾಲ್ವ್, ಅನಗತ್ಯ ತಿರುವುಗಳಿರುವ ಪೈಪು ಇನ್ನಷ್ಟು ನುಂಗುತ್ತವೆ. ಮೀಟರೂ ಇಲ್ಲ, ಬಿಲ್ಲೂ ಇಲ್ಲವಾದ್ದರಿಂದ ಇದಾವುದೂ ರೈತನ ಕಣ್ಣಿಗೆ ನಷ್ಟವಾಗಿ ಕಾಣುವುದಿಲ್ಲ.

ಅವನ ಕಣ್ಣಿಗೆ ಕಾಣುವುದು ಟಿಸಿ. ಟ್ರಾನ್ಸ್‌ಫಾರ್ಮರಿಗೆ ಹಳ್ಳಿಗಳಲ್ಲಿ ಇರುವ ಹೆಸರು ಇದೇ. ‘ಟಿಸಿ ಸುಟ್ಟೈತಿ’ ಎಂದರೆ ಬೆಳೆಗೆ ಕೆಲವು ದಿನ ನೀರಿಲ್ಲ ಎಂದೇ ಅರ್ಥ. ಸುಡುವ ಬಗೆಯೂ ಗುಟ್ಟಲ್ಲ. ತ್ರೀ ಫೇಸ್ ಬಂದ ಕ್ಷಣ ಆಟೊ ಸ್ಟಾರ್ಟರುಗಳ ದಯೆಯಿಂದ ಆ ಟಿಸಿಯ ಎಲ್ಲ ಮೋಟರುಗಳೂ ಏಕಕಾಲಕ್ಕೆ ಶುರುವಾಗುತ್ತವೆ. ಶುರುವಾಗುವಾಗ ಮೋಟರ್ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಐದಾರು ಪಟ್ಟು. ಅದರ ಮೇಲೆ ಲೆಕ್ಕಕ್ಕೆ ಸಿಗದ ಅಕ್ರಮ ಸಂಪರ್ಕಗಳ ಹೊರೆ.

ಇಲ್ಲಿ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಯ ಕೆಲಸ ದೊಡ್ಡದು. ಮೋಟರ್ ಎಳೆಯುವ ಕರೆಂಟಿನಲ್ಲಿ ನೀರೆತ್ತುವ ಕೆಲಸಕ್ಕೆ ಬಾರದ ಒಂದು ಪಾಲು ಇರುತ್ತದೆ, ಅದನ್ನು ಟಿಸಿಯಿಂದ ತರಿಸುವ ಬದಲು ಮೋಟರಿನ ಬಳಿಯೇ ಒದಗಿಸುವ ಸಾಧನ ಕೆಪಾಸಿಟರ್. 63 ಕೆವಿಎ ಟಿಸಿಗೆ 5 ಎಚ್‌ಪಿಯ ಹತ್ತು ಪಂಪ್‌ಗಳಿವೆ ಎಂದುಕೊಳ್ಳೋಣ. ಪ್ರತಿ ಮೋಟರೂ 4.7 ಕಿಲೊವ್ಯಾಟ್‌ನಷ್ಟು ಎಳೆಯುತ್ತದೆ, ಪವರ್ ಫ್ಯಾಕ್ಟರ್ 0.8 ಇದ್ದರೆ ಟಿಸಿಯ ಮೇಲೆ ಸುಮಾರು 59 ಕೆವಿಎ ಹೊರೆ. ಎಲ್ಲರೂ ಸರಿಯಾದ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್ 0.95ಕ್ಕೆ ಏರಿದರೆ ಹೊರೆ 49ಕ್ಕೆ ಇಳಿಯುತ್ತದೆ. ಇನ್ನೆರಡು ಪಂಪ್‌ಗಳಿಗೆ ಹತ್ತಿರಹತ್ತಿರ ಸಾಲುವಷ್ಟು ಜಾಗ ಖಾಲಿಯಾದಂತೆ. ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ವಿದ್ಯುತ್ ಸುಮಾರು ಶೇ 29ರಷ್ಟು ಕಡಿಮೆಯಾಗುತ್ತದೆ, ಕೊನೆಯ ಹೊಲದವನ ವೋಲ್ಟೇಜ್ ಮೇಲೇಳುತ್ತದೆ. ಆದರೆ ಹತ್ತರಲ್ಲಿ ಒಬ್ಬನೇ ಹಾಕಿದರೆ ಇದರಲ್ಲಿ ಏನೂ ಎದ್ದು ಕಾಣುವುದಿಲ್ಲ. ಒಂದು ಟಿಸಿಯ ರೈತರೆಲ್ಲ ಒಟ್ಟಿಗೆ ಒಪ್ಪಬೇಕಾದ ಕೆಲಸ ಇದು.

ನೀರಿನ ಬಳಕೆ ಇದರ ಇನ್ನೊಂದು ತುದಿ. ಹನಿ ನೀರಾವರಿಯಲ್ಲಿ ಬೆಳೆಯುವ ಕುಷ್ಟಗಿ, ಕೊಪ್ಪಳ ಭಾಗದ ದಾಳಿಂಬೆ ತೋಟಗಳು ಎಕರೆಗೆ ಎತ್ತುವ ನೀರು ಹರಿನೀರಿಗಿಂತ ಬಹಳ ಕಡಿಮೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯದ ಹೊಂಡಗಳು ಮಳೆನೀರನ್ನು ಹೊಲದಲ್ಲೇ ಹಿಡಿಯುತ್ತವೆ. ನೂರು ಮೀಟರ್ ಆಳದ ನೀರಿಗೂ ನಾಲ್ಕು ಮೀಟರ್ ಆಳದ ಹೊಂಡದ ನೀರಿಗೂ ತಗಲುವ ಶಕ್ತಿಯಲ್ಲಿ 25 ಪಟ್ಟು ವ್ಯತ್ಯಾಸವಿದೆ. ಅಂತರ್ಜಲ ಮಟ್ಟ ಒಂದು ಮೀಟರ್ ಮೇಲೇರಿದರೂ ಆ ಊರಿನ ಎಲ್ಲ ಪಂಪ್‌ಗಳ ಹೊರೆ ಅಷ್ಟರಮಟ್ಟಿಗೆ ಹಗುರ. ಒಣಭೂಮಿಯಲ್ಲಿ ನೀರಿನ ಉಳಿತಾಯ ಮತ್ತು ವಿದ್ಯುತ್ ಉಳಿತಾಯ ಬೇರೆ ಬೇರೆ ಅಭಿಯಾನಗಳಾಗಬೇಕಿಲ್ಲ.

ಹೊತ್ತಿನ ಬೆಲೆ

ಎಷ್ಟು ಉಳಿಸಬೇಕು ಎಂಬುದರಷ್ಟೇ ಯಾವ ಹೊತ್ತಿನಲ್ಲಿ ಎಂಬುದೂ ಈಗ ಮುಖ್ಯ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಸೇರಿ ರಾಜ್ಯದ ಸೌರ ವಿದ್ಯುತ್ ಮಧ್ಯಾಹ್ನ ಹೇರಳ. ಯಲಬುರ್ಗಾ ಸೀಮೆಯ ಗಾಳಿ ಜೋರಾಗಿ ಬೀಸುವುದು ಮುಂಗಾರಿನ ತಿಂಗಳುಗಳಲ್ಲಿ. ಬೇಸಿಗೆಯ ಸಂಜೆ ಆರರಿಂದ ಹತ್ತರವರೆಗೆ ಎರಡೂ ಕೈಕೊಡುತ್ತವೆ. ಮನೆಮನೆಯಲ್ಲಿ ದೀಪ, ಟಿ.ವಿ, ಕೂಲರ್, ಮಿಕ್ಸಿ ಓಡುವುದು ಅದೇ ಹೊತ್ತಿಗೆ. ಆ ಕೊರತೆ ತುಂಬುವುದು ಜಲಾಶಯದ ನೀರು, ಇಲ್ಲವೇ ಕಲ್ಲಿದ್ದಲು, ಇಲ್ಲವೇ ಹೊರಗಿನಿಂದ ದುಬಾರಿಗೆ ಕೊಂಡ ವಿದ್ಯುತ್.

ಬರ ಬಿದ್ದ ವರ್ಷ ಈ ಲೆಕ್ಕ ತಪ್ಪುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯ ತುಂಬಲಿಲ್ಲ, ಪಂಪ್‌ಸೆಟ್ ಬಳಕೆ ಏರಿತು, ಅಕ್ಟೋಬರ್‌ನಲ್ಲಿ ರೈತರು ಬೀದಿಗಿಳಿದರು. ಮರುವರ್ಷದ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಪಂಪ್‌ಸೆಟ್‌ಗೆ ಹಗಲಿನಲ್ಲೇ 7 ತಾಸು ತ್ರೀ ಫೇಸ್ ಕೊಡುವುದು ರೈತನ ನಿದ್ದೆಗೂ ಒಳ್ಳೆಯದು, ಗ್ರಿಡ್ಡಿಗೂ ಒಳ್ಳೆಯದು. ಹಿಟ್ಟಿನ ಗಿರಣಿ, ಇಸ್ತ್ರಿ, ಓವರ್‌ಹೆಡ್ ಟ್ಯಾಂಕಿನ ಮೋಟರ್ ಇವನ್ನೆಲ್ಲ ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದರೆ ಮೀಟರಿನಲ್ಲಿ ಒಂದು ಯೂನಿಟ್ಟೂ ಕಡಿಮೆಯಾಗದು, ಆದರೆ ಊರಿನ ಸಂಜೆಯ ಹೊರೆ ಇಳಿಯುತ್ತದೆ.

ಊರು ಒಟ್ಟಾಗಿ ಉಳಿಸಿದ ಸಂದರ್ಭಗಳು

ಕಷ್ಟ ಕಣ್ಣೆದುರಿಗೆ ಬಂದಾಗ ಜನ ಒಟ್ಟಾಗಿ ಬಳಕೆ ತಗ್ಗಿಸಿದ ನಿದರ್ಶನಗಳು ಜಗತ್ತಿನಲ್ಲಿವೆ. ಬ್ರೆಜಿಲ್‌ನಲ್ಲಿ 2001ರಲ್ಲಿ ಬರದಿಂದ ಜಲಾಶಯಗಳು ಬತ್ತಿದಾಗ ಸರ್ಕಾರ ಮನೆಗಳಿಗೂ ಶೇ 20ರ ಕಡಿತದ ಗುರಿ ಕೊಟ್ಟಿತು. ಮೀರಿದವರಿಗೆ ದಂಡ, ಚೆನ್ನಾಗಿ ಉಳಿಸಿದ ಸಣ್ಣ ಗ್ರಾಹಕರಿಗೆ ಬೋನಸ್. ಒಂಬತ್ತು ತಿಂಗಳು ದೇಶ ಆ ಶಿಸ್ತಿನಲ್ಲಿ ನಡೆಯಿತು. ಅಮೆರಿಕದ ಅಲಾಸ್ಕಾ ರಾಜ್ಯದ ರಾಜಧಾನಿ ಜೂನೋ ಕೊಪ್ಪಳಕ್ಕಿಂತ ಚಿಕ್ಕ ಊರು. 2008ರ ಏಪ್ರಿಲ್‌ನಲ್ಲಿ ಹಿಮಕುಸಿತದಿಂದ ಅದರ ವಿದ್ಯುತ್ ಮಾರ್ಗ ಮುರಿದು ಬಿತ್ತು. ಡೀಸೆಲ್ ಜನರೇಟರಿನ ವಿದ್ಯುತ್ತಿಗೆ ದರ ಐದು ಪಟ್ಟಿನಷ್ಟು ಏರಿತು. ಕೆಲವೇ ವಾರಗಳಲ್ಲಿ ಊರಿನ ಬಳಕೆ ಸುಮಾರು ಶೇ 30 ಇಳಿಯಿತು, ಮಾರ್ಗ ದುರಸ್ತಿಯಾದ ಮೇಲೂ ಆ ಉಳಿತಾಯದಲ್ಲಿ ಒಂದಿಷ್ಟು ಹಾಗೆಯೇ ನಿಂತಿತು. ಎರಡೂ ಕಡೆ ಜನರಿಗೆ ಕಾರಣ ಸ್ಪಷ್ಟವಾಗಿತ್ತು, ಗುರಿ ಅಂಕಿಯಲ್ಲಿತ್ತು, ಫಲ ಬೇಗ ಕಾಣುತ್ತಿತ್ತು.

ದರದ ಬಿಸಿ ಮುಟ್ಟದ ಕಡೆಯೂ ಜನ ಸೇರಬಲ್ಲರು ಎಂಬುದಕ್ಕೆ ಕೊಪ್ಪಳದಲ್ಲೇ ಸಾಕ್ಷಿಯಿದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು, ಜಾಲಿ ತೆಗೆಸುವ ಕೆಲಸ ಹಿಡಿದರು. ಇಪ್ಪತ್ತಕ್ಕೂ ಹೆಚ್ಚು ಕಿಲೊಮೀಟರ್ ಉದ್ದದ ಹಳ್ಳವನ್ನು ದಂಡೆಯ ಹಳ್ಳಿಗಳ ಜನ, ದಾನಿಗಳು, ಜೆಸಿಬಿ ಮಾಲೀಕರು ಕೂಡಿ ಹಸನು ಮಾಡಿದರು. ಹಳ್ಳಿಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ ಬುಟ್ಟಿ ಬರುವ ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಜಲದೀಕ್ಷೆ, ನೇತ್ರದಾನದ ಕೃಪಾದೃಷ್ಟಿ, ಲಕ್ಷ ವೃಕ್ಷೋತ್ಸವದಂಥ ಜಾಗೃತಿ ಕಾರ್ಯಕ್ರಮಗಳು ನಡೆದಿವೆ. ಹಿರೇಹಳ್ಳ ಹಸನಾದದ್ದು ವಿದ್ಯುತ್ ಉಳಿಸಲು ಅಲ್ಲ. ಆದರೆ ಹಳ್ಳದಲ್ಲಿ ನೀರು ನಿಂತು ಸುತ್ತಲಿನ ಬೋರುಗಳ ಮಟ್ಟ ಏರಿದಷ್ಟೂ ಪಂಪ್‌ಗಳ ಹೊರೆ ಇಳಿಯುತ್ತದೆ.

ಅಭಿಯಾನ ಗೆದ್ದಿತೆಂದು ತಿಳಿಯುವುದು ಹೇಗೆ

ಜಾಥಾದಲ್ಲಿ ಎಷ್ಟು ಮಕ್ಕಳು ನಡೆದರು, ಎಷ್ಟು ಬ್ಯಾನರ್ ಕಟ್ಟಿದರು ಎಂಬುದು ಉಳಿತಾಯದ ಅಳತೆಯಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರ್ ಮತ್ತು ಪಂಪ್‌ಸೆಟ್ಟಿನ ಫೀಡರ್ ಬೇರೆಯಾದ ಕಡೆ ಎರಡಕ್ಕೂ ಪ್ರತ್ಯೇಕ ಮೀಟರಿದೆ. ಕೃಷಿ ಪಂಪ್‌ಗಳ ಬಳಕೆಯನ್ನು ಅಂದಾಜು ಮಾಡುವುದೂ ಈಗ ಇಂಥ ಫೀಡರುಗಳ ರೀಡಿಂಗಿನಿಂದಲೇ. ಅಭಿಯಾನಕ್ಕೆ ಮೊದಲಿನ ವರ್ಷದ ಅದೇ ತಿಂಗಳ ರೀಡಿಂಗಿನ ಜೊತೆ ಈ ವರ್ಷದ್ದನ್ನು, ಆಯಾ ವರ್ಷದ ಮಳೆಯನ್ನೂ ಗಮನದಲ್ಲಿಟ್ಟು, ಹೋಲಿಸಿದರೆ ಊರು ಎಷ್ಟು ಉಳಿಸಿತೆಂದು ತಿಳಿಯುತ್ತದೆ. ಆ ಅಂಕಿಯನ್ನು ಪಂಚಾಯಿತಿ ಕಟ್ಟೆಯ ಬೋರ್ಡಿನಲ್ಲಿ ಬರೆದು ಹಾಕಲು ಖರ್ಚೇನೂ ಇಲ್ಲ.

ಅದರ ಪಕ್ಕದಲ್ಲಿ ಇನ್ನು ಮೂರು ಅಂಕಿ ಇರಬೇಕು: ಈ ವರ್ಷ ಎಷ್ಟು ಸಲ ಟಿಸಿ ಸುಟ್ಟಿತು, ಸಂಜೆ ಏಳಕ್ಕೆ ಕೊನೆಯ ಮನೆಯಲ್ಲಿ ವೋಲ್ಟೇಜ್ ಎಷ್ಟಿತ್ತು, ಬೀದಿದೀಪದ ಬಿಲ್ ಎಷ್ಟು ಇಳಿಯಿತು. ಉಚಿತ ವಿದ್ಯುತ್ತಿನ ಊರಿನಲ್ಲಿ ಉಳಿತಾಯದ ಲಾಭ ಕಾಣುವುದು ಈ ಮೂರು ಅಂಕಿಗಳಲ್ಲಿ. ಅಲ್ಲಿ ಉಳಿಸಿದ ಯೂನಿಟ್ ಒಬ್ಬರ ಬಿಲ್ಲಿಗೆ ಜಮೆಯಾಗುವುದಿಲ್ಲ. ಅದರ ಒಂದು ಪಾಲು ಸಹಾಯಧನ ತುಂಬುವ ಸರ್ಕಾರದ ಬೊಕ್ಕಸಕ್ಕೆ, ಇನ್ನೊಂದು ಪಾಲು ಶಕ್ತಿನಗರದಲ್ಲಿ ಉರಿಯದೆ ಉಳಿದ ಕಲ್ಲಿದ್ದಲಿಗೆ ಹೋಗುತ್ತದೆ. ಊರಿಗೆ ಬರುವ ಪಾಲು ಮಾತ್ರ ಸುಡದ ಟಿಸಿ, ಇಳಿಯದ ವೋಲ್ಟೇಜ್, ಬತ್ತದ ಬೋರಿನ ರೂಪದಲ್ಲಿರುತ್ತದೆ. ಅದನ್ನು ಎಣಿಸಿ ತೋರಿಸುವ ಅಭಿಯಾನಕ್ಕೆ ಜನ ಸೇರುತ್ತಾರೆ. ಎಣಿಸದ ಅಭಿಯಾನ ಡಿಸೆಂಬರ್ ಮುಗಿಯುವಷ್ಟರಲ್ಲಿ ಬ್ಯಾನರಿನ ಜೊತೆಗೇ ಇಳಿಯುತ್ತದೆ.